ಲೆಕ್ಕ ಕಲಿತ ಹುಡುಗಿಯರು ಲೆಕ್ಕಕ್ಕೆ ಸಿಗಬೇಕು

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮರುದಿನ ಕಾಲೇಜಿನ ಗೇಟಿನ ಪಕ್ಕ ಫ್ಲೆಕ್ಸ್ ಏರುತ್ತದೆ. ವಾಣಿಜ್ಯ ವಿಭಾಗದ ಸಾಲಿನಲ್ಲಿ ಹೆಚ್ಚಿನ ಹೆಸರುಗಳು ಹುಡುಗಿಯರವೇ. ಲೆಕ್ಕಶಾಸ್ತ್ರದಲ್ಲಿ ತೊಂಬತ್ತೆಂಟು, ತೊಂಬತ್ತೊಂಬತ್ತು, ಕೆಲವೊಮ್ಮೆ ನೂರಕ್ಕೆ ನೂರು. ಮನೆಯವರು ಬಂದು ಫ್ಲೆಕ್ಸ್ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ಅದು ಸಂತೋಷದ ದಿನ, ಅನುಮಾನವೇ ಇಲ್ಲ. ಆದರೆ ಆ ಹೆಸರುಗಳಲ್ಲಿ ಎಷ್ಟು ಐದು ವರ್ಷದ ನಂತರ ಒಂದು ಆಡಿಟ್ ಕಚೇರಿಯಲ್ಲೋ, ಬ್ಯಾಂಕಿನಲ್ಲೋ, ಕಂಪನಿಯ ಅಕೌಂಟ್ಸ್ ವಿಭಾಗದಲ್ಲೋ ಇರುತ್ತವೆ? ಅದನ್ನು ತೋರಿಸುವ ಫ್ಲೆಕ್ಸ್ ಯಾವ ಕಾಲೇಜಿನಲ್ಲೂ ಇಲ್ಲ. ಕನ್ನಡದಲ್ಲಿ ಒಂದು ಮಾತಿದೆ: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಚೆನ್ನಾಗಿ ಲೆಕ್ಕ ಕಲಿತ ನಮ್ಮ ಹುಡುಗಿಯರ ವಿಷಯದಲ್ಲಿ ಈ ಮಾತು ನಿಜವಾಗುತ್ತಿದೆ ಎಂಬುದು ನನ್ನ ಚಿಂತೆ.

ಇದಕ್ಕೆ ಕಾರಣ ಅಂಕಗಳ ಕೊರತೆಯಲ್ಲ. ಹಣದ ಕೊರತೆ ಕೆಲವರಿಗೆ ಇದೆ, ಎಲ್ಲರಿಗೂ ಇಲ್ಲ. ಲೆಕ್ಕಶಾಸ್ತ್ರ ಕಲಿಸುವವಳಾಗಿ ನಾನು ಕಂಡ ಮಟ್ಟಿಗೆ ದೊಡ್ಡ ಕೊರತೆ ಪರಿಚಯದ್ದು. ಈ ವೃತ್ತಿಯಲ್ಲಿ ಈಗಾಗಲೇ ಇರುವ ಒಬ್ಬ ಹೆಂಗಸನ್ನೂ ನಮ್ಮ ಹುಡುಗಿಯರಲ್ಲಿ ಹೆಚ್ಚಿನವರು ಮುಖತಃ ಕಂಡಿರುವುದಿಲ್ಲ. ಪರಿಚಯ ಬೆಳೆಸಿಕೊಳ್ಳುವುದನ್ನು ಪಾಠದಷ್ಟೇ ಗಂಭೀರವಾಗಿ, ಪಿಯುಸಿಯಿಂದಲೇ ಕಲಿಸಬೇಕು ಎಂಬುದು ನನ್ನ ವಾದ. ಇಂಗ್ಲಿಷಿನಲ್ಲಿ ಇದಕ್ಕೆ ನೆಟ್‌ವರ್ಕಿಂಗ್ ಎನ್ನುತ್ತಾರೆ. ಆ ಪದ ಕೇಳಿದರೆ ಹೋಟೆಲಿನ ಹಾಲ್, ಕೋಟು, ವಿಸಿಟಿಂಗ್ ಕಾರ್ಡು ಕಣ್ಣಮುಂದೆ ಬರುತ್ತವೆ. ನಾನು ಹೇಳುತ್ತಿರುವುದು ಅದಕ್ಕಿಂತ ತುಂಬಾ ಸರಳವಾದ ಸಂಗತಿ.

ಮೊದಲು ದಾರಿ ಹೇಗಿದೆ ನೋಡೋಣ. ಪಿಯುಸಿ ಮುಗಿದ ಮೇಲೆ ಸಿಎ ಆಗಬೇಕೆಂದರೆ ಫೌಂಡೇಶನ್, ಇಂಟರ್‌ಮೀಡಿಯೇಟ್, ಫೈನಲ್ ಎಂಬ ಮೂರು ಮೆಟ್ಟಿಲು. ಫೌಂಡೇಶನ್‌ನಲ್ಲಿ ನಾಲ್ಕು ಪತ್ರಿಕೆಗಳು: ಅಕೌಂಟಿಂಗ್, ವ್ಯವಹಾರ ಕಾನೂನು, ಗಣಿತ-ತರ್ಕ-ಸಂಖ್ಯಾಶಾಸ್ತ್ರ ಸೇರಿದ ಒಂದು ಪತ್ರಿಕೆ, ಮತ್ತು ಅರ್ಥಶಾಸ್ತ್ರ. ಪ್ರತಿ ಪತ್ರಿಕೆಯಲ್ಲಿ ಕನಿಷ್ಠ 40, ಒಟ್ಟಾರೆ ಶೇ. 50 ಬೇಕು. ಕೊನೆಯ ಎರಡು ಪತ್ರಿಕೆಗಳಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ. ಇಂಟರ್‌ಮೀಡಿಯೇಟ್‌ನ ಎರಡೂ ಗುಂಪು ಮುಗಿಸಿ, ಕಂಪ್ಯೂಟರ್ ಮತ್ತು ಮಾತುಗಾರಿಕೆಯ ಒಂದು ಸಣ್ಣ ತರಬೇತಿ ಪಡೆದ ಮೇಲೆ ಆರ್ಟಿಕಲ್‌ಶಿಪ್. 2023ರ ಹೊಸ ಪದ್ಧತಿಯಲ್ಲಿ ಅದರ ಅವಧಿ ಮೂರು ವರ್ಷದಿಂದ ಎರಡು ವರ್ಷಕ್ಕೆ ಇಳಿಯಿತು. ಫೈನಲ್ ಅದರ ನಂತರ. ಇದಲ್ಲದೆ ಸಿಎಂಎ ಇದೆ, ಕಂಪನಿ ಸೆಕ್ರೆಟರಿ ಇದೆ, ಬಿ.ಕಾಂ. ಮಾಡಿ ಜಿಎಸ್‌ಟಿ ಮತ್ತು ಟ್ಯಾಲಿ ಕೆಲಸ ಕಲಿಯುವ ದಾರಿಯೂ ಇದೆ. ಅಂದಹಾಗೆ ದೇಶದ ಅಂಗಡಿ ಅಂಗಡಿಯಲ್ಲೂ ಬಳಸುವ ಆ ಟ್ಯಾಲಿ ಸಾಫ್ಟ್‌ವೇರ್ ನಮ್ಮ ಬೆಂಗಳೂರಿನ ಕಂಪನಿಯದೇ.

ಪರೀಕ್ಷೆಗಳ ಮೆಟ್ಟಿಲನ್ನು ನಮ್ಮ ಹುಡುಗಿಯರು ಹತ್ತುತ್ತಾರೆ. ಹಾದಿ ಮುರಿಯುವುದು ಆರ್ಟಿಕಲ್‌ಶಿಪ್ ಬಳಿ. ಅಲ್ಲಿಯವರೆಗೆ ಪುಸ್ತಕ, ಕೋಚಿಂಗ್, ಮನೆ ಇದ್ದರೆ ಸಾಕು. ಅಲ್ಲಿಂದ ಮುಂದೆ ಒಂದು ಕಚೇರಿ ಬೇಕು, ಕಲಿಸುವ ಒಬ್ಬ ಸಿಎ ಬೇಕು. ಖಾಲಿ ಜಾಗಗಳನ್ನು ತೋರಿಸಲು ಸಿಎ ಸಂಸ್ಥೆಯ ಪೋರ್ಟಲ್ ಇದೆ, ನಿಜ. ಆದರೆ ಜಯನಗರ, ಬಸವನಗುಡಿ, ಜೆ.ಪಿ. ನಗರದ ಮಹಡಿ ಮೆಟ್ಟಿಲ ಮೇಲೆ ಸಣ್ಣ ಬೋರ್ಡು ಹಾಕಿಕೊಂಡಿರುವ ಎಷ್ಟೋ ಕಚೇರಿಗಳಲ್ಲಿ ಜಾಗ ತುಂಬುವ ರೀತಿ ಬೇರೆ. ‘ನಿಮ್ಮ ಕಡೆ ಒಳ್ಳೆ ಹುಡುಗಿ ಇದ್ದರೆ ಹೇಳಮ್ಮ’ ಎಂದು ಸಾರ್ ಅಲ್ಲಿ ಕೆಲಸ ಮಾಡುವವಳಿಗೆ ಹೇಳುತ್ತಾರೆ. ಅವಳು ತನ್ನ ಗೆಳತಿಗೆ, ಗೆಳತಿ ತನ್ನ ತಂಗಿಗೆ ಹೇಳುತ್ತಾಳೆ. ಮೂರು ದಿನದಲ್ಲಿ ಜಾಗ ತುಂಬಿ ಹೋಗುತ್ತದೆ. ಆ ಸರಪಳಿಯಲ್ಲಿ ತಿಲಕನಗರದ, ಗುರಪ್ಪನಪಾಳ್ಯದ, ಯಾರಬ್ ನಗರದ, ಇಲಿಯಾಸ್ ನಗರದ ಹುಡುಗಿ ಇಲ್ಲದಿದ್ದರೆ ಆ ಜಾಗ ಇತ್ತೆಂಬುದೇ ಅವಳಿಗೆ ತಿಳಿಯುವುದಿಲ್ಲ. ಯಾರೂ ಅವಳನ್ನು ಬೇಡ ಎನ್ನಲಿಲ್ಲ. ಅವಳು ಇದ್ದಾಳೆಂದೇ ಅವರಿಗೆ ಗೊತ್ತಿರಲಿಲ್ಲ.

ಹುಡುಗರಿಗೆ ಈ ಸರಪಳಿ ತಾನಾಗಿಯೇ ಸಿಗುತ್ತದೆ. ಜುಮಾ ನಮಾಜಿನ ನಂತರ ಮಸೀದಿಯ ಹೊರಗೆ ನಿಂತು ಮಾತಾಡುವಾಗ ಯಾರೋ ಚಾಚಾ ಕೇಳುತ್ತಾರೆ, ‘ಏನು ಓದುತ್ತಿದ್ದೀಯ ಬೇಟಾ?’ ಅಬ್ಬಾನ ಅಂಗಡಿಗೆ ಜಿಎಸ್‌ಟಿ ಫೈಲ್ ಮಾಡಲು ಬರುವ ಅಕೌಂಟೆಂಟ್ ಜೊತೆ ಮಗ ಕೂತು ಚಹಾ ಕುಡಿಯುತ್ತಾನೆ. ಬೇಕರಿ ಮುಂದೆ, ಕ್ರಿಕೆಟ್ ಮೈದಾನದಲ್ಲಿ, ಬೈಕ್ ರಿಪೇರಿ ಅಂಗಡಿಯಲ್ಲಿ ಹತ್ತು ಜನರ ಗುರುತಾಗುತ್ತದೆ. ಇದಕ್ಕೆ ಯಾರೂ ನೆಟ್‌ವರ್ಕಿಂಗ್ ಎಂದು ಹೆಸರಿಟ್ಟಿಲ್ಲ, ಆದರೆ ಅದು ಅದೇ. ಅದೇ ಮನೆಯ ಮಗಳಿಗೆ ಕಾಲೇಜು, ಟ್ಯೂಷನ್, ಮನೆ ಬಿಟ್ಟರೆ ಇಂಥ ಜಾಗ ಒಂದೂ ಇಲ್ಲ. ಅವಳ ಮದುವೆಗೆ ಸಂಬಂಧ ಹುಡುಕಲು ಇಡೀ ಮೊಹಲ್ಲಾದ ಪರಿಚಯ ಬಳಸುತ್ತೇವೆ. ಅವಳ ಕೆಲಸಕ್ಕೆ ಮಾತ್ರ ‘ಅಂಕ ಇದೆಯಲ್ಲ, ಸಾಕು’ ಎನ್ನುತ್ತೇವೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೇ. ‘ಪರಿಚಯದ ಮೇಲೆ ಕೆಲಸ ಪಡೆಯುವುದು ಎಂದರೆ ಶಿಫಾರಸು ತಾನೇ? ಅದು ಸರಿಯೇ?’ ಎಂದು ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ ನನ್ನನ್ನು ನೇರವಾಗಿ ಕೇಳಿದಳು. ಶಿಫಾರಸು ಬೇರೆ, ಪರಿಚಯ ಬೇರೆ. ಅರ್ಹತೆ ಇಲ್ಲದವನಿಗೆ ಅರ್ಹನ ಜಾಗ ಕೊಡಿಸುವುದು ಶಿಫಾರಸು, ಅದು ಇನ್ನೊಬ್ಬರ ಹಕ್ಕು ಕಸಿದಂತೆ. ಅರ್ಹತೆ ಇರುವವಳಿಗೆ ಬಾಗಿಲು ಎಲ್ಲಿದೆ ಎಂದು ತೋರಿಸುವುದು ಪರಿಚಯ. ಒಳಗೆ ಹೋದ ಮೇಲೆ ಬ್ಯಾಂಕ್ ತಾಳೆ ಪಟ್ಟಿ ತಯಾರಿಸಬೇಕಾದವಳು ಅವಳೇ. ಲೆಕ್ಕ ತಾಳೆಯಾಗದಿದ್ದರೆ ಯಾವ ಚಾಚಾನ ಹೆಸರೂ ಅದನ್ನು ತಾಳೆ ಮಾಡುವುದಿಲ್ಲ.

ಪರಿಚಯದಿಂದ ಸಿಗುವುದರಲ್ಲಿ ಹೆಚ್ಚಿನದು ಮಾಹಿತಿ. ನನ್ನ ಒಬ್ಬ ಹಳೆಯ ವಿದ್ಯಾರ್ಥಿನಿ ಇಂಟರ್‌ಮೀಡಿಯೇಟ್ ಮುಗಿಸಿ ಆರ್ಟಿಕಲ್‌ಶಿಪ್‌ಗೆ ಹುಡುಕುತ್ತಿದ್ದಾಗ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಬರೆಯುತ್ತೇನೆ. ಹಿಜಾಬ್ ಹಾಕಿಕೊಂಡು ಬರಬಹುದೇ? ಜೊಹರ್ ನಮಾಜಿಗೆ ಹತ್ತು ನಿಮಿಷ, ಒಂದು ಮೂಲೆ ಸಿಗುತ್ತದೆಯೇ? ಹೆಂಗಸರಿಗೆ ಬೇರೆ ಟಾಯ್ಲೆಟ್ ಇದೆಯೇ? ಸೆಪ್ಟೆಂಬರಿನಲ್ಲಿ ಟ್ಯಾಕ್ಸ್ ಆಡಿಟ್ ಗಡುವು ಬಂದಾಗ ರಾತ್ರಿ ಎಷ್ಟು ಹೊತ್ತಿಗೆ ಬಿಡುತ್ತಾರೆ? ಹೊರ ಊರಿನ ಆಡಿಟ್‌ಗೆ ಕಳುಹಿಸುತ್ತಾರೆಯೇ, ಕಳುಹಿಸಿದರೆ ಜೊತೆಗೆ ಇನ್ನೊಬ್ಬ ಹುಡುಗಿ ಇರುತ್ತಾಳೆಯೇ? ಪರೀಕ್ಷೆಗೆ ರಜೆ ಕೊಡುವಾಗ ಮುಖ ಗಂಟಿಕ್ಕುತ್ತಾರೆಯೇ? ನಿಜವಾಗಿ ಕೆಲಸ ಕಲಿಸುತ್ತಾರೆಯೇ, ಅಥವಾ ಎರಡು ವರ್ಷ ಬಿಲ್ಲು ಜೋಡಿಸುವುದರಲ್ಲೇ ಕಳೆಯುತ್ತದೆಯೇ?

ಈ ಪ್ರಶ್ನೆಗಳಿಗೆ ಯಾವ ಜಾಹೀರಾತಿನಲ್ಲೂ ಉತ್ತರ ಇರುವುದಿಲ್ಲ. ಇಂಟರ್‌ವ್ಯೂನಲ್ಲಿ ಕೇಳಲು ಹತ್ತೊಂಬತ್ತು ವರ್ಷದ ಹುಡುಗಿಗೆ ಧೈರ್ಯ ಸಾಲುವುದಿಲ್ಲ. 2022ರ ನಂತರ ನಮ್ಮ ರಾಜ್ಯದಲ್ಲಿ ಮೊದಲನೇ ಪ್ರಶ್ನೆ ಇನ್ನಷ್ಟು ಭಾರವಾಗಿದೆ. ಅದೇ ಕಚೇರಿಯಲ್ಲಿ ಒಬ್ಬ ಆಪಾ ಇದ್ದರೆ, ಅಥವಾ ಹಿಂದೆ ಅಲ್ಲಿ ಕೆಲಸ ಮಾಡಿದ ಯಾರಾದರೂ ಗೊತ್ತಿದ್ದರೆ, ಐದು ನಿಮಿಷದ ಫೋನಿನಲ್ಲಿ ಎಲ್ಲ ತಿಳಿಯುತ್ತದೆ. ಆ ವಿದ್ಯಾರ್ಥಿನಿಗೆ ಅಂಥ ಯಾರೂ ಇರಲಿಲ್ಲ. ಎರಡು ಕಚೇರಿಗೆ ಹೋದಳು. ಒಂದು ಕಡೆ ಅವಳ ಬಟ್ಟೆ ನೋಡಿ ‘ಕ್ಲೈಂಟುಗಳ ಮುಂದೆ ಕಷ್ಟ’ ಎಂದರು. ಇನ್ನೊಂದು ಕಡೆ ಏನೂ ಹೇಳಲಿಲ್ಲ, ಮತ್ತೆ ಕರೆಯಲೂ ಇಲ್ಲ. ಮನೆಯಲ್ಲಿ ‘ಸಾಕು ಬಿಡು’ ಎಂದರು. ಅದಾದ ಎರಡು ವರ್ಷಕ್ಕೆ ಅದೇ ಬಡಾವಣೆಯ ಮತ್ತೊಂದು ಕಚೇರಿಯಲ್ಲಿ ಹಿಜಾಬ್ ಧರಿಸಿದ ಇಬ್ಬರು ಹುಡುಗಿಯರು ನೆಮ್ಮದಿಯಾಗಿ ಆರ್ಟಿಕಲ್‌ಶಿಪ್ ಮಾಡುತ್ತಿರುವುದು ನನಗೆ ತಿಳಿಯಿತು. ಆ ಕಚೇರಿ ಅವಳ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿತ್ತು. ಅಂಥ ಕಚೇರಿಗಳು ಇವೆ. ಎಲ್ಲಿವೆ ಎಂದು ಹೇಳುವವರು ಬೇಕು.

ಹೆಂಗಸರಿಗೆ ಈ ವೃತ್ತಿಯ ಬಾಗಿಲು ಸುಲಭವಾಗಿ ತೆರೆದದ್ದಲ್ಲ ಎಂಬುದನ್ನೂ ನಮ್ಮ ಮಕ್ಕಳು ತಿಳಿಯಬೇಕು. ಇಂಗ್ಲೆಂಡಿನ ಮೇರಿ ಹ್ಯಾರಿಸ್ ಸ್ಮಿತ್ ಲಂಡನ್ನಿನಲ್ಲಿ ಸ್ವಂತ ಲೆಕ್ಕಪತ್ರ ಕಚೇರಿ ನಡೆಸುತ್ತಿದ್ದರು. 1891ರಲ್ಲಿ ಅಲ್ಲಿನ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಗೆ ಅರ್ಜಿ ಹಾಕಿದಾಗ, ಹೆಂಗಸು ಎಂಬ ಕಾರಣಕ್ಕೆ ತಿರಸ್ಕರಿಸಿದರು. ಸದಸ್ಯತ್ವ ಸಿಕ್ಕಿದ್ದು 1920ರಲ್ಲಿ, ಕಾನೂನು ಬದಲಾದ ಮೇಲೆ. ಆಗ ಅವರ ವಯಸ್ಸು ಎಪ್ಪತ್ತೈದು. ನಮ್ಮ ದೇಶದಲ್ಲಿ ಮದ್ರಾಸಿನ ಆರ್. ಶಿವಭೋಗಂ 1933ರಲ್ಲಿ ಅಕೌಂಟೆನ್ಸಿ ಪರೀಕ್ಷೆ ಪಾಸು ಮಾಡಿ ಭಾರತದ ಮೊದಲ ಮಹಿಳಾ ಲೆಕ್ಕ ಪರಿಶೋಧಕಿಯಾದರು. ಅವರು ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೆ ಹೋದವರು. ಜೈಲು ಕಂಡವರು ಅಕೌಂಟೆಂಟ್ ಆಗಿ ನೋಂದಣಿ ಮಾಡುವಂತಿಲ್ಲ ಎಂಬ ನಿಯಮ ಅಡ್ಡ ಬಂದಾಗ ನ್ಯಾಯಾಲಯದಲ್ಲಿ ಹೋರಾಡಿ ಗೆದ್ದರು. ಸ್ವತಂತ್ರವಾಗಿ ಪ್ರಾಕ್ಟೀಸ್ ಶುರು ಮಾಡಿದರು. 1955ರಿಂದ 1958ರವರೆಗೆ ಸಿಎ ಸಂಸ್ಥೆಯ ದಕ್ಷಿಣ ಭಾರತ ಪ್ರಾದೇಶಿಕ ಮಂಡಳಿಯ ಅಧ್ಯಕ್ಷರೂ ಆದರು. ನಮ್ಮ ಬೆಂಗಳೂರು ಶಾಖೆ ಇಂದಿಗೂ ಅದೇ ಮಂಡಳಿಯ ಅಡಿಯಲ್ಲಿದೆ. ಪರೀಕ್ಷೆಯಲ್ಲಿ ಮುಂದೆ ಬಂದ ಮಹಿಳೆಗೆ ಕೊಡುವ ಬಹುಮಾನವೊಂದು ಅವರ ಹೆಸರಿನಲ್ಲಿದೆ. ಒಬ್ಬಳೇ ಒಳಗೆ ಹೋದವಳು ಹಿಂದೆ ಬರುವವರಿಗಾಗಿ ಬಾಗಿಲಿಗೆ ಕೈ ಕೊಟ್ಟು ನಿಂತಳು. ಒಳ್ಳೆಯ ಪರಿಚಯ ಮಾಡುವ ಕೆಲಸ ಇದೇ.

ಇಂದು ಸಿಎ ಸಂಸ್ಥೆಯಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ. ಅವರಲ್ಲಿ ಸುಮಾರು ಹತ್ತರಲ್ಲಿ ಮೂವರು ಮಹಿಳೆಯರು. ವಿದ್ಯಾರ್ಥಿಗಳಲ್ಲಿ ಹುಡುಗಿಯರ ಪಾಲು ಇದಕ್ಕಿಂತ ಹೆಚ್ಚು. ಹಳೆಯ ತಲೆಮಾರಿನಲ್ಲಿ ಗಂಡಸರೇ ಹೆಚ್ಚಿದ್ದುದು ಈ ಅಂತರಕ್ಕೆ ಒಂದು ಕಾರಣ, ಅದು ಕಾಲಕ್ರಮೇಣ ಕಡಿಮೆಯಾಗುತ್ತದೆ. ಆದರೆ ದಾರಿ ಮಧ್ಯೆ ಬಿಟ್ಟವರದ್ದೂ ಒಂದು ಪಾಲಿದೆ. ಮೇಲಿನ ಹಂತದಲ್ಲಿ ಬೇಡಿಕೆ ಇಲ್ಲ ಎನ್ನುವಂತೆಯೂ ಇಲ್ಲ. 2013ರ ಕಂಪನಿ ಕಾಯ್ದೆ ಷೇರುಪೇಟೆಯಲ್ಲಿರುವ ಕಂಪನಿಗಳ ಆಡಳಿತ ಮಂಡಳಿಯಲ್ಲಿ ಒಬ್ಬ ಮಹಿಳೆಯಾದರೂ ಇರಬೇಕು ಎನ್ನುತ್ತದೆ. 2020ರ ಏಪ್ರಿಲ್‌ನಿಂದ ಮೊದಲ ಸಾವಿರ ದೊಡ್ಡ ಕಂಪನಿಗಳಲ್ಲಿ ಸ್ವತಂತ್ರ ಮಹಿಳಾ ನಿರ್ದೇಶಕಿ ಕಡ್ಡಾಯ. ಆ ಕುರ್ಚಿಗೆ ಬೇಕಾದ ಹೆಂಗಸು ಇಂದು ಯಾವುದೋ ಪಿಯು ಕಾಲೇಜಿನಲ್ಲಿ ಜರ್ನಲ್ ಎಂಟ್ರಿ ಬರೆಯುತ್ತಿದ್ದಾಳೆ. ಅವಳು ನಮ್ಮ ಕಾಲೇಜಿನವಳು ಏಕಾಗಬಾರದು?

ಪರಿಚಯದ ಅಗತ್ಯ ಕೆಲಸ ಸಿಕ್ಕಿದ ದಿನಕ್ಕೆ ಮುಗಿಯುವುದಿಲ್ಲ. ಲೆಕ್ಕಪತ್ರದ ಕೆಲಸದಲ್ಲಿ ಕಲಿತದ್ದು ಬೇಗ ಹಳತಾಗುತ್ತದೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ವ್ಯಾಟ್ ಮಾತ್ರ ಗೊತ್ತಿದ್ದವರು ಮತ್ತೆ ಅ ಆ ಇ ಈ ಕಲಿತರು. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ ಬಂದು, 2026ರ ಏಪ್ರಿಲ್ 1ರಿಂದ ಜಾರಿ ಎಂದಾಗ ದಶಕಗಳಿಂದ ಬಾಯಿಪಾಠವಾಗಿದ್ದ ಸೆಕ್ಷನ್ ಸಂಖ್ಯೆಗಳೇ ಬದಲಾದವು. ಆದ್ದರಿಂದಲೇ ಪ್ರಾಕ್ಟೀಸ್ ಮಾಡುವ ಅರವತ್ತು ವರ್ಷದೊಳಗಿನ ಸಿಎಗಳು ಮೂರು ವರ್ಷಕ್ಕೆ 120 ಗಂಟೆ ಮುಂದುವರಿದ ಕಲಿಕೆ ಮಾಡಲೇಬೇಕೆಂಬ ನಿಯಮವಿದೆ. ಅದಕ್ಕಾಗಿ ಸೆಮಿನಾರುಗಳಿವೆ, ಬಡಾವಣೆಗಳಲ್ಲಿ ಸ್ಟಡಿ ಸರ್ಕಲ್‌ಗಳಿವೆ. ಸಂಜೆ ಒಂದು ಹಾಲ್‌ನಲ್ಲಿ ಸೇರಿ ಹೊಸ ತಿದ್ದುಪಡಿ ಚರ್ಚಿಸುತ್ತಾರೆ. ಚಹಾದ ಹೊತ್ತಿನಲ್ಲಿ ‘ನಿಮ್ಮ ಕ್ಲೈಂಟಿಗೆ ಈ ನೋಟಿಸ್ ಬಂತಾ, ನೀವೇನು ಮಾಡಿದಿರಿ?’ ಎಂದು ಕೇಳಿಕೊಳ್ಳುತ್ತಾರೆ. ಉಪನ್ಯಾಸದಷ್ಟೇ ಕಲಿಕೆ ಆ ಚಹಾದ ಹೊತ್ತಿನಲ್ಲೂ ಆಗುತ್ತದೆ.

ಮಗುವಿಗಾಗಿ ಮೂರು ವರ್ಷ ಬಿಡುವು ಪಡೆದ ಹೆಂಗಸು ಕಳೆದುಕೊಳ್ಳುವುದು ಸಂಬಳವನ್ನಷ್ಟೇ ಅಲ್ಲ, ಈ ಮಾತುಕತೆಯನ್ನೂ. ಹಿಂತಿರುಗುವಾಗ ಕಾನೂನು ಬದಲಾಗಿರುತ್ತದೆ, ಫೋನಿನಲ್ಲಿದ್ದ ನಂಬರುಗಳು ತಣ್ಣಗಾಗಿರುತ್ತವೆ. ಆ ಮೂರು ವರ್ಷದಲ್ಲಿ ತಿಂಗಳಿಗೊಮ್ಮೆಯಾದರೂ ನಾಲ್ಕು ಜನ ಸಹೋದ್ಯೋಗಿಗಳ ಜೊತೆ ಮಾತು ಉಳಿಸಿಕೊಂಡವಳಿಗೆ ಹಿಂತಿರುಗುವ ದಾರಿ ಇರುತ್ತದೆ. ‘ವಾರಕ್ಕೆ ಮೂರು ದಿನ ಬನ್ನಿ’, ‘ರಿಟರ್ನ್ ಕೆಲಸ ಮನೆಯಿಂದ ಮಾಡಿ ಕೊಡಿ’ ಎನ್ನುವವರು ಅವಳ ಕೆಲಸ ಕಂಡವರೇ ಆಗಿರುತ್ತಾರೆ.

ಈಗ ಎರಡನೇ ಆಕ್ಷೇಪ, ಅಮ್ಮಿ-ಅಬ್ಬಾ ಸಭೆಗಳಲ್ಲಿ ಬರುವುದು: ‘ಮ್ಯಾಮ್, ಹೆಣ್ಣುಮಗಳು ಹೊರಗೆ ಹತ್ತು ಜನರ ಪರಿಚಯ ಮಾಡಿಕೊಳ್ಳುವುದು ನಮ್ಮಲ್ಲಿ ಸರಿಹೋಗುವುದಿಲ್ಲ.’ ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಮರ್ಯಾದೆಯ ಗೆರೆ ಪ್ರತಿ ಮನೆಗೂ ಇರುತ್ತದೆ. ಆದರೆ ಆ ಗೆರೆಯ ಒಳಗೇ ಎಷ್ಟು ಜಾಗ ಇದೆ ನೋಡಿ. ಹೆಂಗಸರು ಹೆಂಗಸರನ್ನೇ ಪರಿಚಯ ಮಾಡಿಕೊಳ್ಳಬಹುದು. ಒಬ್ಬಳೇ ಹೋಗುವ ಬದಲು ಇಬ್ಬರು ಮೂವರು ಒಟ್ಟಿಗೆ ಹೋಗಬಹುದು. ಗಂಡಸರ ಜೊತೆ ಕೆಲಸದ ಮಾತನ್ನು ಕೆಲಸದ ಜಾಗದಲ್ಲಿ, ನಾಲ್ಕು ಜನರ ಮುಂದೆ, ಗೌರವದಿಂದ ಆಡಬಹುದು. ಹಜ್ರತ್ ಖದೀಜಾ (ರ) ಮಕ್ಕಾದ ದೊಡ್ಡ ವ್ಯಾಪಾರಿ. ದೂರದ ಸಿರಿಯಾಕ್ಕೆ ಸರಕು ಕಳುಹಿಸುತ್ತಿದ್ದರು, ಯಾರನ್ನು ನಂಬಿ ಸರಕು ಒಪ್ಪಿಸಬೇಕು ಎಂದು ವಿಚಾರಿಸಿ ತಿಳಿದುಕೊಳ್ಳುತ್ತಿದ್ದರು. ಕುರ್‌ಆನ್‌ನ ಅತಿ ದೀರ್ಘ ವಚನ ಅಲ್ ಬಕರಾ ಅಧ್ಯಾಯದ 282ನೆಯದು. ಅದು ಸಾಲದ ವ್ಯವಹಾರವನ್ನು ಬರೆದಿಡಬೇಕು, ನ್ಯಾಯವಾಗಿ ಬರೆಯಬೇಕು, ಸಾಕ್ಷಿ ಇರಬೇಕು ಎಂಬುದರ ಕುರಿತಾಗಿದೆ. ಲೆಕ್ಕ ಬರೆಯುವುದನ್ನು ಇಷ್ಟು ಗಂಭೀರವಾಗಿ ಕಾಣುವ ನಾವು ಲೆಕ್ಕ ಕಲಿತ ಹೆಣ್ಣುಮಕ್ಕಳನ್ನು ಮನೆಯಲ್ಲಿ ಸುಮ್ಮನೆ ಕೂರಿಸುವುದು ಹೇಗೆ ಸರಿ?

ಇದು ಆ ಹುಡುಗಿಯರ ಲಾಭದ ವಿಷಯ ಮಾತ್ರ ಅಲ್ಲ. 2019ರ ಜೂನ್ ತಿಂಗಳನ್ನು ನಮ್ಮ ಬೆಂಗಳೂರಿನ ಮುಸ್ಲಿಂ ಮನೆಗಳು ಮರೆತಿಲ್ಲ. ಐಎಂಎ ಕುಸಿದಾಗ ಶಿವಾಜಿನಗರದ ಅದರ ಕಚೇರಿ ಮುಂದೆ ಸಾವಿರಾರು ಜನ ನಿಂತರು. ಹತ್ತಾರು ಸಾವಿರ ದೂರುಗಳು ಬಂದವು, ತನಿಖೆ ಸಿಬಿಐಗೆ ಹೋಯಿತು. ಹಣ ಹಾಕಿದವರಲ್ಲಿ ಅಸಂಖ್ಯಾತ ಹೆಂಗಸರಿದ್ದರು. ಒಡವೆ ಮಾರಿದವರು, ಮಗಳ ಮದುವೆಗೆ ಕೂಡಿಟ್ಟದ್ದನ್ನು ಕೊಟ್ಟವರು, ಗಂಡ ತೀರಿಕೊಂಡ ಮೇಲೆ ಬಂದ ಹಣ ಕಟ್ಟಿದವರು. ಹಲಾಲ್ ಎಂಬ ಒಂದು ಪದವನ್ನು ನಂಬಿ ಕೊಟ್ಟರು. ‘ಇಷ್ಟು ಲಾಭ ಪ್ರತಿ ತಿಂಗಳೂ ಎಲ್ಲಿಂದ ಬರುತ್ತದೆ? ಬ್ಯಾಲೆನ್ಸ್ ಶೀಟ್ ತೋರಿಸಿ’ ಎಂದು ಕೇಳಬಲ್ಲ ಒಬ್ಬ ಹೆಣ್ಣುಮಗಳು ಪ್ರತಿ ಗಲ್ಲಿಯಲ್ಲಿ ಇದ್ದಿದ್ದರೆ, ಅವಳ ಬಳಿ ಅಕ್ಕಪಕ್ಕದ ಖಾಲಾ, ಫೂಫಿಯರು ಬಂದು ಕೇಳುವಷ್ಟು ವಿಶ್ವಾಸ ಇದ್ದಿದ್ದರೆ, ಎಲ್ಲ ನಷ್ಟ ತಪ್ಪುತ್ತಿತ್ತು ಎಂದು ನಾನು ಹೇಳುವುದಿಲ್ಲ. ಕೆಲವು ಮನೆಗಳಾದರೂ ಉಳಿಯುತ್ತಿದ್ದವು. ಹೆಂಗಸರು ತಮ್ಮ ಹಣದ ಮಾತನ್ನು ಗಂಡಸು ಆಡಿಟರ್ ಮುಂದೆ ಹೇಳಿಕೊಳ್ಳಲು ಹಿಂಜರಿಯುತ್ತಾರೆ. ಮೊಹಲ್ಲಾದ ಹುಡುಗಿಯ ಮುಂದೆ ಹೇಳುತ್ತಾರೆ. ನಮ್ಮ ಮಸೀದಿ ಕಮಿಟಿಗಳು, ವಕ್ಫ್ ಸಂಸ್ಥೆಗಳು, ಜಕಾತ್ ಹಂಚುವ ಸಂಘಗಳು, ಇವೆಲ್ಲಕ್ಕೂ ಲೆಕ್ಕ ಬೇಕು. ವಕ್ಫ್ ಕಾಯ್ದೆಯ ಪ್ರಕಾರವೇ ಮುತವಲ್ಲಿಗಳು ಲೆಕ್ಕ ಸಲ್ಲಿಸಬೇಕು, ಅದರ ಆಡಿಟ್ ಆಗಬೇಕು. ಕೆಲಸ ನಮ್ಮ ಮನೆಬಾಗಿಲಲ್ಲೇ ಇದೆ.

ಹಾಗಾದರೆ ಮಾಡಬೇಕಾದದ್ದೇನು? ನನ್ನ ಸಲಹೆಗಳು ದೊಡ್ಡವಲ್ಲ, ಖರ್ಚಿನವೂ ಅಲ್ಲ.

ಒಂದು, ವಾಣಿಜ್ಯ ವಿಭಾಗದಲ್ಲಿ ಹಳೆಯ ವಿದ್ಯಾರ್ಥಿನಿಯರ ಒಂದು ವಹಿ ಇರಲಿ. ಯಾರು ಎಲ್ಲಿ ಓದುತ್ತಿದ್ದಾರೆ, ಎಲ್ಲಿ ಕೆಲಸ ಮಾಡುತ್ತಿದ್ದಾರೆ, ಕಿರಿಯರ ಜೊತೆ ಮಾತಾಡಲು ಒಪ್ಪಿಗೆ ಇದೆಯೇ ಎಂಬಷ್ಟೇ ಸಾಕು. ಫೋನ್ ನಂಬರು ವಿಭಾಗದ ಬಳಿಯೇ ಇರಲಿ, ಒಪ್ಪಿಗೆ ಇಲ್ಲದೆ ಯಾರಿಗೂ ಹೋಗಬಾರದು. ವಾಟ್ಸಾಪ್ ಗುಂಪಿನಲ್ಲಿ ನಂಬರು ಹರಿದಾಡುತ್ತದೆಂಬ ಭಯಕ್ಕೇ ಎಷ್ಟೋ ಹುಡುಗಿಯರು ದೂರ ಉಳಿಯುತ್ತಾರೆ.

ಎರಡು, ಎರಡು ತಿಂಗಳಿಗೊಮ್ಮೆ ಒಂದು ಶನಿವಾರ ತರಗತಿ ಮುಗಿದ ಮೇಲೆ ಒಬ್ಬ ಹಳೆಯ ವಿದ್ಯಾರ್ಥಿನಿ ಬಂದು ಕೂರಲಿ. ವೇದಿಕೆ, ಶಾಲು, ಹಾರ ಬೇಡ. ಫೈನಲ್ ಪಾಸಾದವಳೇ ಬರಬೇಕೆಂದಿಲ್ಲ. ಫೌಂಡೇಶನ್‌ನಲ್ಲಿ ಎರಡು ಬಾರಿ ಫೇಲಾಗಿ ಮೂರನೇ ಬಾರಿ ಪಾಸಾದವಳ ಮಾತು ಮಕ್ಕಳಿಗೆ ಹೆಚ್ಚು ಉಪಯೋಗ. ಅವತ್ತು ಅಮ್ಮಂದಿರಿಗೂ ಕುರ್ಚಿ ಹಾಕೋಣ. ಮಗಳು ಹೋಗಬಹುದಾದ ಜಾಗದಲ್ಲಿ ಈಗಾಗಲೇ ಕೆಲಸ ಮಾಡುವ ಹುಡುಗಿಯನ್ನು ಕಣ್ಣಾರೆ ಕಂಡ ಅಮ್ಮಿಯ ಭಯ ನನ್ನ ಹತ್ತು ಭಾಷಣಕ್ಕಿಂತ ಬೇಗ ಕರಗುತ್ತದೆ.

ಮೂರು, ವರ್ಷಕ್ಕೊಮ್ಮೆ ಮಕ್ಕಳನ್ನು ವಸಂತನಗರದ ಮಿಲ್ಲರ್ಸ್ ಟ್ಯಾಂಕ್ ಬೆಡ್‌ನಲ್ಲಿರುವ ಸಿಎ ಸಂಸ್ಥೆಯ ಶಾಖೆಗೆ ಕರೆದುಕೊಂಡು ಹೋಗೋಣ. ಅಲ್ಲಿ ವಿದ್ಯಾರ್ಥಿಗಳಿಗೇ ಒಂದು ಸಂಘ ಇದೆ, ಸಿಕಾಸಾ ಎಂದು ಹೆಸರು. ಸಿಎಂಎ ಸಂಸ್ಥೆಯ ಬೆಂಗಳೂರು ಕೇಂದ್ರವಂತೂ ಇಲ್ಲೇ ಬಸವನಗುಡಿಯ ಮಲ್ಲಿಕಾರ್ಜುನ ದೇವಸ್ಥಾನದ ಬೀದಿಯಲ್ಲಿದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಬಿಎಂಟಿಸಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ. ಮೊದಲ ಸಲ ಉಪನ್ಯಾಸಕರ ಜೊತೆ ಬಂದು ಬಾಗಿಲು ನೋಡಿದವಳು ಎರಡನೇ ಸಲ ಗೆಳತಿಯ ಜೊತೆ ತಾನೇ ಹೋಗುತ್ತಾಳೆ.

ನಾಲ್ಕು, ತನ್ನ ಪರಿಚಯ ಹೇಳಿಕೊಳ್ಳುವುದನ್ನು ಕಲಿಸೋಣ. ಹೆಸರು, ಓದು, ಏನು ಗೊತ್ತು, ಏನು ಕಲಿಯಬೇಕು. ನಾಲ್ಕು ವಾಕ್ಯ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಒಂದು ಇಮೇಲ್ ಬರೆಯುವುದು, ಉತ್ತರ ಬರದಿದ್ದರೆ ವಾರದ ನಂತರ ಮರ್ಯಾದೆಯಿಂದ ನೆನಪಿಸುವುದು, ಸಹಾಯ ಸಿಕ್ಕಿದಾಗ ಶುಕ್ರಿಯಾ ಹೇಳುವುದು. ಲಿಂಕ್ಡ್‌ಇನ್‌ನಲ್ಲಿ ಖಾತೆ ತೆರೆಯಲು ಫೋಟೊ ಕಡ್ಡಾಯವಲ್ಲ ಎಂಬುದು ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. ಅದೇ ರೀತಿ, ಕೆಲಸ ಕೊಡಿಸುತ್ತೇವೆ ಎಂದು ಹಣ ಕೇಳುವವರು, ಹೊತ್ತಲ್ಲದ ಹೊತ್ತಿನಲ್ಲಿ ಒಬ್ಬಳೇ ಬಾ ಎನ್ನುವವರು ಪರಿಚಯಕ್ಕೆ ಯೋಗ್ಯರಲ್ಲ ಎಂಬುದನ್ನೂ ಹೇಳಿಕೊಡಬೇಕು. ಪರಿಚಯ ಬೆಳೆಸುವುದರಲ್ಲಿ ಯಾರನ್ನು ದೂರ ಇಡಬೇಕು ಎಂಬ ಪಾಠವೂ ಸೇರಿದೆ.

ಇನ್ನು ವಿದ್ಯಾರ್ಥಿನಿಯರೇ, ನಿಮಗೆ ಎರಡು ಮಾತು. ಪರಿಚಯ ಎಂದರೆ ಕೇಳುವುದು ಮಾತ್ರ ಎಂದು ತಿಳಿಯಬೇಡಿ. ನಿಮ್ಮ ಬಳಿ ಕೊಡಲು ಈಗಲೇ ಬಹಳ ಇದೆ. ಬ್ಯಾಂಕ್ ತಾಳೆ ಪಟ್ಟಿ ಅರ್ಥವಾಗದ ಪಕ್ಕದ ಬೆಂಚಿನವಳಿಗೆ ಹೇಳಿಕೊಡಿ. ಮೂರು ವರ್ಷದ ನಂತರ ಖಾಲಿ ಜಾಗದ ಸುದ್ದಿ ನಿಮಗೆ ತಿಳಿಸುವವಳು ಅವಳೇ ಆಗಿರಬಹುದು. ನಿಮ್ಮ ಬೀದಿಯ ಟೈಲರಿಂಗ್ ಆಪಾಳ ತಿಂಗಳ ಜಮಾ ಖರ್ಚು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಕೊಡಿ. ಅಬ್ಬಾನ ಅಂಗಡಿಗೆ ಅಕೌಂಟೆಂಟ್ ಬಂದಾಗ ಚಹಾ ಕೊಟ್ಟು ಒಳಗೆ ಹೋಗಬೇಡಿ. ಅಬ್ಬಾನ ಪಕ್ಕ ಕೂತು ಆ ರಿಟರ್ನ್‌ನಲ್ಲಿ ಏನಿದೆ ಎಂದು ಕೇಳಿ. ನಿಮಗೆ ಯಾರಾದರೂ ಒಂದು ಬಾಗಿಲು ತೋರಿಸಿದರೆ, ಅದು ನಿಮ್ಮ ಮೇಲಿರುವ ಅಮಾನತ್ ಎಂದು ತಿಳಿಯಿರಿ. ಮುಂದಿನವಳಿಗೆ ತೋರಿಸುವವರೆಗೆ ಆ ಖಾತೆ ಮುಗಿಯುವುದಿಲ್ಲ.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ನಿಮಗೆ ಬೇಕರಿ ಮುಂದೆ, ಮಸೀದಿ ಬಳಿ ಸುಮ್ಮನೆ ಸಿಗುವ ಸುದ್ದಿ ನಿಮ್ಮ ತಂಗಿಗೆ ಸಿಗುವುದಿಲ್ಲ. ಆರ್ಟಿಕಲ್‌ಶಿಪ್ ಇದೆ, ಅಕೌಂಟ್ಸ್ ಕೆಲಸ ಇದೆ ಎಂದು ಕೇಳಿದಾಗ ಮನೆಗೆ ಹೋಗಿ ಹೇಳಿ. ಸಹೋದ್ಯೋಗಿ ಉಪನ್ಯಾಸಕರಲ್ಲಿ ನನ್ನ ವಿನಂತಿ: ತಿಂಗಳ ಸಭೆಯಲ್ಲಿ ಫಲಿತಾಂಶದ ಶೇಕಡಾವಾರು ಓದುವಾಗ, ಹಳೆಯ ವಿದ್ಯಾರ್ಥಿನಿಯರಲ್ಲಿ ಎಷ್ಟು ಮಂದಿ ಕೆಲಸದಲ್ಲಿದ್ದಾರೆ ಎಂಬ ಇನ್ನೊಂದು ಅಂಕಿಯನ್ನೂ ಓದೋಣ. ಮೊದಲ ವರ್ಷ ಅದು ಚಿಕ್ಕದಾಗಿಯೇ ಇರುತ್ತದೆ. ಚಿಕ್ಕದಾದರೂ ಬರೆದಿಟ್ಟ ಅಂಕಿ ಬೆಳೆಯುತ್ತದೆ, ಬರೆಯದೆ ಬಿಟ್ಟದ್ದು ಕಳೆದುಹೋಗುತ್ತದೆ. ಇದು ಲೆಕ್ಕಶಾಸ್ತ್ರದ ಮೊದಲ ಪಾಠ.

ಹಳೆಯ ವಿದ್ಯಾರ್ಥಿನಿಯರ ವಹಿಗೆ ನಾನ್ನೂರು ಪುಟದ ಒಂದು ಉದ್ದ ರಿಜಿಸ್ಟರ್ ತಂದು ವಿಭಾಗದ ಮೇಜಿನ ಮೇಲೆ ಇಟ್ಟಿದ್ದೇನೆ. ನಿಮ್ಮ ಅಕ್ಕ, ಅತ್ತಿಗೆ, ಖಾಲಾ, ಪಕ್ಕದ ಮನೆಯ ಆಪಾ ಯಾರಾದರೂ ಇಲ್ಲಿ ಓದಿ ಈಗ ಲೆಕ್ಕಪತ್ರದ ಕೆಲಸದಲ್ಲಿದ್ದರೆ, ಅವರ ಒಪ್ಪಿಗೆ ಕೇಳಿ ಬಂದು ಹೆಸರು ಬರೆಸಿ. ಕೆಲಸ ಬಿಟ್ಟು ಮನೆಯಲ್ಲಿರುವವರ ಹೆಸರೂ ಬರಲಿ, ಅವರಿಗೂ ಹಿಂತಿರುಗುವ ಮನಸ್ಸಿರಬಹುದು. ಮೊದಲ ಪುಟದಲ್ಲಿ ಸದ್ಯಕ್ಕೆ ಆರು ಹೆಸರುಗಳಿವೆ.